ಬಾಯಿ ಚಪಲ ಅಂತ ಬೈಯಬೇಡಿ, ತಟ್ಟೆ ನೋಡಿ

ಹೊಸತೊಡಕಿನ ದಿನ ನಮ್ಮ ಕಡೆ ಊರಿಗೆ ಊರೇ ಒಂದೇ ಘಮ. ಯುಗಾದಿಯ ಒಬ್ಬಟ್ಟು ತಿಂದ ಮಾರನೇ ದಿನ ನಸುಕಿಗೇ ಮರಿ ಕೊಯ್ದು, ಗುಡ್ಡೆ ಹಾಕಿ, ವರ್ಷವಿಡೀ ಚೀಟಿ ಕಟ್ಟಿದವರೆಲ್ಲ ತಮ್ಮ ತಮ್ಮ ಪಾಲು ಮನೆಗೆ ತಂದಿರುತ್ತಾರೆ. ಹತ್ತು ಗಂಟೆ ಹೊತ್ತಿಗೆ ಬೀದಿ ತುಂಬ ಮಿಕ್ಸಿ ಸದ್ದು. ಹನ್ನೊಂದಕ್ಕೆ ಕುಕ್ಕರ್ ಕೂಗು.

ಎರಡು ವರ್ಷದ ಹಿಂದಿನ ಹೊಸತೊಡಕಿನಂದು ನಮ್ಮ ಬಳಗದ ಗೆಳತಿಯೊಬ್ಬಳು ಮಂಡ್ಯ ಸೀಮೆಯ ತನ್ನ ಮನೆಯಲ್ಲಿ ಅದೇ ಮಸಾಲೆ ರುಬ್ಬುತ್ತಿದ್ದಳು. ಆದರೆ ಅವಳು ಮಾಂಸ ಬಿಟ್ಟು ಐದು ತಿಂಗಳಾಗಿತ್ತು. ಮನೆಯವರಿಗೆಲ್ಲ ಬಾಡು ಬೇಯಿಸಿ, ಬಡಿಸಿ, ಕೊನೆಗೆ ತನ್ನ ತಟ್ಟೆಗೆ ಹಾಕಿಕೊಂಡಿದ್ದು ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದುಹೋಗಿ, ಪಾತ್ರೆಯ ತಳದಲ್ಲಿ ಉಳಿದಿದ್ದ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಮನೆಯವರೊಬ್ಬರು ನೋಡಿಬಿಟ್ಟರು. ಬೆಳಗಾಗುವಷ್ಟರಲ್ಲಿ ಮಾತು ಬೀದಿ ದಾಟಿತ್ತು.

“ಏನವ್ವಾ ಸನ್ಯಾಸಿ, ರಾತ್ರಿ ನಿಮ್ಮನೆ ಅಡುಗೆಮನೆಗೆ ಬೆಕ್ಕು ಬಂದಿತ್ತಂತೆ?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಂದು ತಿಂಗಳಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ತಲೆ ಸುತ್ತಿ ಬಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟೂವರೆ. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಮಾಂಸ ಬಿಟ್ಟೆ ಅಂತೀಯ, ಸರಿ. ಅದರ ಬದಲು ಏನು ತಿಂತಾ ಇದ್ದೀಯಮ್ಮ?”

ಅವಳ ಹತ್ತಿರ ಉತ್ತರ ಇರಲಿಲ್ಲ. ಬಿಡು ಅಂದವರೂ ಕೇಳಿರಲಿಲ್ಲ, ಬಿಟ್ಟಿದ್ದಕ್ಕೆ ನಕ್ಕವರೂ ಕೇಳಿರಲಿಲ್ಲ. ಈ ಬರಹ ಆ ಪ್ರಶ್ನೆ ಕೇಳದವರ ಮೇಲಿನ ಸಿಟ್ಟು.

ಮೊದಲೇ ಹೇಳಿಬಿಡುತ್ತೇವೆ

ನಾವು ಮಾಂಸ ಬಿಡಿ ಅಂತ ಹೇಳುವವರಲ್ಲ, ತಿನ್ನಿ ಅಂತಲೂ ಹೇಳುವವರಲ್ಲ. ನಮ್ಮ ಬಳಗದಲ್ಲಿ ಹೆಚ್ಚಿನವರು ತಿನ್ನುವವರೇ. ಬಿಟ್ಟವರು ಮೂವರು. ಅದರಲ್ಲಿ ಒಬ್ಬ ಮೊಟ್ಟೆ ತಿನ್ನುತ್ತಾನೆ, ಒಬ್ಬಳು ಏಳು ತಿಂಗಳಾದ ಮೇಲೆ ಮತ್ತೆ ಶುರು ಮಾಡಿದಳು, ಮೂರನೆಯವಳೇ ಮೇಲೆ ಹೇಳಿದ ಗೆಳತಿ. ಕರ್ನಾಟಕದಲ್ಲೂ ಲೆಕ್ಕ ಹೀಗೇ ಇದೆ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ಜನರಲ್ಲಿ ಹತ್ತಿರಹತ್ತಿರ ನಾಲ್ವರು ಮಾಂಸಾಹಾರಿಗಳು.

ಆದರೂ ಪ್ರತಿ ಊರಲ್ಲಿ ಬಿಡುವವರಿದ್ದಾರೆ. ಸಾಕಿದ ಮರಿ ಕಣ್ಣೆದುರೇ ಕೊಯ್ದಿದ್ದು ಸಹಿಸಲಾಗದೆ ಬಿಟ್ಟವರು. ದೀಕ್ಷೆ ತೆಗೆದುಕೊಂಡು ಬಿಟ್ಟವರು. ಡಾಕ್ಟರು ಕೊಬ್ಬು ಕಡಿಮೆ ಮಾಡಿ ಅಂದಿದ್ದಕ್ಕೆ ಪೂರ್ತಿ ಬಿಟ್ಟವರು. ಮದುವೆಯಾಗಿ ಹೋದ ಮನೆಯಲ್ಲಿ ಇಲ್ಲ ಅಂತ ಬಿಟ್ಟವರು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗಲಿ ಅಂತ ಬಿಟ್ಟವರು. ಕೆಲವರದು ಇಷ್ಟ, ಕೆಲವರದು ಕಷ್ಟ. ಕಾರಣ ಯಾವುದೇ ಇರಲಿ, ಒಂದು ವಿಷಯ ಎಲ್ಲರಿಗೂ ಸಮ. ಮನಸ್ಸು ಬಿಟ್ಟ ದಿನವೇ ನಾಲಿಗೆ ಬಿಡುವುದಿಲ್ಲ.

ಆಗ ಅವರಿಗೆ ಸಿಗುವುದು ಎರಡೇ ಮಾತು. ಬಿಡಿಸಿದವರು “ಮನಸ್ಸು ಗಟ್ಟಿ ಮಾಡಿಕೋ” ಅನ್ನುತ್ತಾರೆ. ತಿನ್ನುವವರು ಮೂಗಿನ ಹತ್ತಿರ ಲೆಗ್ ಪೀಸ್ ಹಿಡಿದು “ಒಂದೇ ಒಂದು, ಯಾರಿಗೂ ಹೇಳಲ್ಲ” ಅನ್ನುತ್ತಾರೆ. ಇಬ್ಬರಿಗೂ ಅದು ಬಾಯಿ ಚಪಲ. ನಮ್ಮ ಪ್ರಕಾರ ಇಬ್ಬರೂ ತಪ್ಪು.

ಶ್ರಾವಣ ಬೇರೆ, ಬದುಕು ಬೇರೆ

“ನಮ್ಮ ಜನ ಶ್ರಾವಣ ಪೂರ್ತಿ ಬಿಡಲ್ವಾ? ಮಾಲೆ ಹಾಕಿ 41 ದಿನ ಇರಲ್ವಾ? ಇವರಿಗೇನು ಕಷ್ಟ?” ಈ ಮಾತು ಎಲ್ಲ ಕಡೆ ಕೇಳುತ್ತದೆ.

ನಿಜ, ನಮ್ಮ ಹಳ್ಳಿಗಳಿಗೆ ಬಿಡುವುದು ಹೊಸದಲ್ಲ. ಸೋಮವಾರ ಇಲ್ಲ, ಶನಿವಾರ ಇಲ್ಲ, ಕಾರ್ತೀಕದಲ್ಲಿ ಇಲ್ಲ ಅನ್ನುವ ಮನೆಗಳು ಬೇಕಾದಷ್ಟಿವೆ. ಆದರೆ ಶ್ರಾವಣಕ್ಕೆ ಮೂರು ಅನುಕೂಲ ಇದೆ. ಒಂದು, ಮುಗಿಯುವ ದಿನ ಗೊತ್ತು. ಗೌರಿ ಹಬ್ಬ ಯಾವಾಗ, ಮಹಾಲಯ ಅಮಾವಾಸ್ಯೆ ಯಾವಾಗ ಅಂತ ಕ್ಯಾಲೆಂಡರ್ ನೋಡಿಕೊಂಡು ನಾಲಿಗೆ ಕಾಯುತ್ತದೆ. ಎರಡು, ಮನೆಯೇ ಬಿಟ್ಟಿರುತ್ತದೆ. ಅಡುಗೆಮನೆಯಲ್ಲಿ ವಾಸನೆಯೇ ಇಲ್ಲದಿದ್ದರೆ ಆಸೆ ಅರ್ಧ ಕಡಿಮೆ. ಮೂರು, ಆ ತಿಂಗಳು ಹಬ್ಬದ ಅಡುಗೆ ಇರುತ್ತದೆ. ಕೋಸಂಬರಿ, ಪಾಯಸ, ಹೋಳಿಗೆ, ಹುಳಿ ಅಂತ ತಟ್ಟೆ ತುಂಬಿರುತ್ತದೆ.

ಬದುಕಿನುದ್ದಕ್ಕೂ ಬಿಟ್ಟವರಿಗೆ ಈ ಮೂರೂ ಇಲ್ಲ. ಮುಗಿಯುವ ತಾರೀಖಿಲ್ಲ. ಮನೆಯಲ್ಲಿ ವಾರಕ್ಕೊಮ್ಮೆ ಕೋಳಿ ಬೇಯುತ್ತಲೇ ಇರುತ್ತದೆ. ಅವರ ಪಾಲಿಗೆ ಬೇರೆ ಅಡುಗೆ ಯಾರೂ ಮಾಡುವುದಿಲ್ಲ. ಎಲ್ಲರ ತಟ್ಟೆಯಿಂದ ಒಂದು ಐಟಂ ತೆಗೆದರೆ ಉಳಿಯುವುದೇ ಅವರ ತಟ್ಟೆ. 41 ದಿನದ ಅಳತೆಯಲ್ಲಿ ಅವರನ್ನು ಅಳೆಯುವುದು ನ್ಯಾಯವಲ್ಲ.

ಆಸೆ ಎಲ್ಲಿಂದ ಬರುತ್ತದೆ

ಈ ಆಸೆಗೆ ನಾಲ್ಕು ಬೇರುಗಳನ್ನು ನಾವು ನೋಡಿದ್ದೇವೆ.

ಮೊದಲನೆಯದು ಹೊಟ್ಟೆ. ಮಾಂಸದೂಟ ಮಾಡಿದ ದಿನ ಹೊಟ್ಟೆ ಬೇಗ ಹಸಿಯುವುದಿಲ್ಲ. ಪ್ರೋಟೀನ್ ಮತ್ತು ಕೊಬ್ಬು ನಿಧಾನವಾಗಿ ಕರಗುತ್ತವೆ. ಅನ್ನ ತಿಳಿಸಾರು ತಿಂದರೆ ಎರಡೂವರೆ ಗಂಟೆಗೆ ಹೊಟ್ಟೆ ಮತ್ತೆ ಕೂಗುತ್ತದೆ. ಆ ಕೂಗನ್ನು ನಾಲಿಗೆ ತನಗೆ ಗೊತ್ತಿರುವ ಹೆಸರಿನಿಂದ ಕರೆಯುತ್ತದೆ, “ಬಾಡು” ಅಂತ.

ಎರಡನೆಯದು ನಾಲಿಗೆ. ಸಿಹಿ, ಹುಳಿ, ಉಪ್ಪು, ಕಹಿ ಅಲ್ಲದೆ ಐದನೆಯ ರುಚಿ ಒಂದಿದೆ. ಕಿಕುನೆ ಇಕೆಡಾ ಎಂಬ ಜಪಾನಿನ ವಿಜ್ಞಾನಿ 1908ರಲ್ಲಿ ಅದನ್ನು ಗುರುತಿಸಿ ಉಮಾಮಿ ಅಂತ ಹೆಸರಿಟ್ಟರು. ಮಾಂಸದ ಸಾರಿನಲ್ಲಿ ಬಾಯಿ ತುಂಬಿದ ಹಾಗಾಗುವ ರುಚಿ ಅದೇ. ಖುಷಿಯ ಸಂಗತಿ ಅಂದರೆ ಅದು ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲೂ ಇದೆ, ಅಣಬೆಯಲ್ಲೂ ಇದೆ.

ಮೂರನೆಯದು ಮೂಗು ಮತ್ತು ರೂಢಿ. ಭಾನುವಾರ ಅಂದರೆ ಕೋಳಿ, ಮಳೆ ಬಂದರೆ ಒಣಮೀನು, ನೆಂಟರು ಬಂದರೆ ನಾಟಿ ಕೋಳಿ ಸಾರು ಮುದ್ದೆ. ಇಪ್ಪತ್ತೈದು ವರ್ಷದ ರೂಢಿಯನ್ನು ಒಂದು ಭಾಷಣ ಅಳಿಸುವುದಿಲ್ಲ.

ನಾಲ್ಕನೆಯದು ಜನ. ಬೀಗರ ಊಟದಲ್ಲಿ, ಮಾರಿಹಬ್ಬದಲ್ಲಿ ಪಂಕ್ತಿಯಿಂದ ಎದ್ದು ಬೇರೆ ಕೂರುವುದೇ ದೊಡ್ಡ ಹಿಂಸೆ. ಎಷ್ಟೋ ಸಲ ಬೇಕಾಗಿರುವುದು ತುಂಡಲ್ಲ, ಪಂಕ್ತಿಯಲ್ಲಿ ಒಂದು ಜಾಗ.

ಇದರಲ್ಲಿ ಪಾಪ ಎಲ್ಲಿದೆ? ಹಸಿದ ಹೊಟ್ಟೆಗೆ “ಮನಸ್ಸು ಗಟ್ಟಿ ಮಾಡಿಕೋ” ಅನ್ನುವುದು, ಸೋರುವ ಮಾಡಿಗೆ “ಮಳೆ ಬಗ್ಗೆ ಯೋಚಿಸಬೇಡ” ಅಂದ ಹಾಗೆ.

ತಟ್ಟೆಯ ಲೆಕ್ಕ

ನಮ್ಮ ಗೆಳತಿ ಆಗ ಏನು ತಿನ್ನುತ್ತಿದ್ದಳು ಅಂತ ಕೂತು ಬರೆದೆವು. ಬೆಳಿಗ್ಗೆ ಚಿತ್ರಾನ್ನ. ಮಧ್ಯಾಹ್ನ ಅನ್ನ, ಬೇಳೆ ಸಾರು. ಸಂಜೆ ಟೀ, ಬಿಸ್ಕತ್ತು. ರಾತ್ರಿ ಮುದ್ದೆ, ಸೊಪ್ಪಿನ ಸಾರು. ಆಸೆ ತಡೆಯಲಾಗದ ದಿನ ಬಸ್ ಸ್ಟ್ಯಾಂಡಿನ ಗೋಬಿ.

ಈಗ ಲೆಕ್ಕ ನೋಡಿ. ದಿನಕ್ಕೆ ಒಬ್ಬ ವಯಸ್ಕರಿಗೆ ಬೇಕಾದ ಪ್ರೋಟೀನ್ ದೇಹದ ತೂಕದ ಪ್ರತಿ ಕೆಜಿಗೆ ಸುಮಾರು 0.8 ಗ್ರಾಂ. ಅಂದರೆ 55 ಕೆಜಿ ತೂಕದವರಿಗೆ ಸುಮಾರು 45 ಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ, ರಾಗಿ ತಿಂದರೆ ಅದರಿಂದ 20ರಿಂದ 24 ಗ್ರಾಂ ಬರುತ್ತದೆ. ಉಳಿದ ಅರ್ಧ? ಐದು ಜನರ ಮನೆಯಲ್ಲಿ 100 ಗ್ರಾಂ ತೊಗರಿಬೇಳೆ ಹಾಕಿ ಸಾರು ಮಾಡಿದರೆ ಒಬ್ಬರ ಪಾಲಿಗೆ 20 ಗ್ರಾಂ ಬೇಳೆ. ಅದರಲ್ಲಿ ಪ್ರೋಟೀನ್ ನಾಲ್ಕು ಗ್ರಾಂ ಚಿಲ್ಲರೆ. ಅದೂ ಬೇಳೆ ತಳದಲ್ಲಿ, ತಿಳಿ ಮೇಲೆ. ಕೊನೆಗೆ ಊಟಕ್ಕೆ ಕೂರುವವರಿಗೆ ತಳವಾದರೂ ಸಿಗಬಹುದು ಅಂದುಕೊಂಡರೆ, ಅಷ್ಟು ಹೊತ್ತಿಗೆ ಅದೂ ಖಾಲಿ.

ಇಲ್ಲೊಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಅವಳ ರಕ್ತ ಕಡಿಮೆಯಾಗಿದ್ದು ಮಾಂಸ ಬಿಟ್ಟ ಐದಾರು ತಿಂಗಳಲ್ಲಿ ಅಲ್ಲ. ವೈದ್ಯರೇ ಹೇಳಿದರು, “ಇದು ಹಳೇ ಕೊರತೆ. ಬರ್ತಿದ್ದ ಸ್ವಲ್ಪವೂ ನಿಂತುಹೋಗಿದೆ” ಅಂತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ ಬಂದಿದೆ. ಅವರಲ್ಲಿ ಮಾಂಸ ತಿನ್ನುವವರೂ ಇದ್ದಾರೆ. ತಿಂಗಳಿಗೆರಡು ಸಲ, ಎಲ್ಲರಿಗೂ ಬಡಿಸಿದ ಮೇಲೆ ಉಳಿದ ಮೂಳೆ, ಸಾರು ತಿಂದರೆ ಅದು ಮಾಂಸಾಹಾರ ಅನ್ನಿಸಿಕೊಳ್ಳುತ್ತದೆಯೇ ಹೊರತು ರಕ್ತ ಆಗುವುದಿಲ್ಲ.

ಆದ್ದರಿಂದ “ನೋಡಿ, ಮಾಂಸ ಬಿಟ್ಟಿದ್ದಕ್ಕೆ ಬಿದ್ದಳು” ಅಂತ ಗೆದ್ದವರ ಹಾಗೆ ಹೇಳುವವರಿಗೂ ನಮ್ಮ ಒಪ್ಪಿಗೆ ಇಲ್ಲ. ಕೊರತೆ ಇದ್ದಿದ್ದು ತಟ್ಟೆಯಲ್ಲಿ. ಬಿಟ್ಟಾಗ ಅದು ಕಣ್ಣಿಗೆ ಬಿತ್ತು, ಅಷ್ಟೇ.

ಹಾಗಾದರೆ ಏನು ತಿನ್ನಬೇಕು

ಇದಕ್ಕೆ ಪೇಟೆಯಿಂದ ಏನೂ ತರಬೇಕಾಗಿಲ್ಲ. ಹುರುಳಿಕಾಳು, ಅಲಸಂದೆ, ಹೆಸರುಕಾಳು, ಮಡಕಿಕಾಳು, ಅವರೆ, ಕಡಲೆ. 100 ಗ್ರಾಂ ಕಾಳಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. 100 ಗ್ರಾಂ ಹಸಿ ಮಾಂಸದಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ಕಾಳು ಬೆಂದಾಗ ನೀರು ಹೀರಿ ಉಬ್ಬುತ್ತದೆ, ಹಾಗಾಗಿ ಒಂದು ಬಟ್ಟಲು ಬೆಂದ ಕಾಳು ಅಂದರೆ ಒಂದು ಬಟ್ಟಲು ಮಾಂಸ ಅಲ್ಲ. ಆದರೆ ಒಣಕಾಳು ಒಬ್ಬರಿಗೆ 50 ಗ್ರಾಂ ಲೆಕ್ಕದಲ್ಲಿ ನೆನೆಹಾಕಿ, ಒಂದು ಹಿಡಿ ಕಡಲೆಬೀಜ, ಒಂದು ಲೋಟ ಹಾಲು ಅಥವಾ ಮೊಸರು ಸೇರಿಸಿದರೆ ಆ ಉಳಿದ ಅರ್ಧ ತುಂಬುತ್ತದೆ. ಲೆಕ್ಕ ಇಷ್ಟೇ.

ಮೊಟ್ಟೆ ತಿನ್ನಬಹುದಾದವರು ತಿನ್ನಲಿ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಇದೆ. ಸೋಯಾ ಚಂಕ್ಸ್ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ. ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಆಮೇಲೆ ಮಸಾಲೆಗೆ ಹಾಕಿ. ಹಿಂಡದೆ ಹಾಕಿದರೆ ವಾಸನೆ ಹೊಡೆಯುತ್ತದೆ, ಒಂದೇ ಸಲಕ್ಕೆ ಬೇಸರ ಬರುತ್ತದೆ. ಪನೀರ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಚಿಂತೆಯಿಲ್ಲ. ಮಾಂಸ ಬಿಟ್ಟವರು ಪನೀರ್ ತಿನ್ನಲೇಬೇಕು ಅನ್ನುವುದು ಟೀವಿ ಹೇಳಿಕೊಟ್ಟ ಪಾಠ.

ಇನ್ನು ರುಚಿ. ಒಂದು ಗುಟ್ಟು ಹೇಳುತ್ತೇವೆ. ನೀವು ನೆನೆಸಿಕೊಂಡು ಬಾಯಲ್ಲಿ ನೀರೂರಿಸುವ ಆ ಘಮದಲ್ಲಿ ದೊಡ್ಡ ಪಾಲು ಮಾಂಸದ್ದಲ್ಲ. ಸುಟ್ಟ ಈರುಳ್ಳಿಯದು, ಹುರಿದ ಕೊಬ್ಬರಿಯದು, ಧನಿಯ, ಗಸಗಸೆ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿಯದು. ಮಾಂಸ ಬಿಟ್ಟ ದಿನ ನಮ್ಮ ಜನ ಮಸಾಲೆಯನ್ನೂ ಬಿಟ್ಟುಬಿಡುತ್ತಾರೆ. ಅದೇ ತಪ್ಪು. ಮಸಾಲೆ ಯಾವ ಪ್ರಾಣಿಯ ಆಸ್ತಿಯೂ ಅಲ್ಲ.

ಹುರುಳಿಕಾಳು ಮೊಳಕೆ ಕಟ್ಟಿ, ಅದೇ ಬಾಡಿನ ಮಸಾಲೆ ಹಾಕಿ, ಎರಡು ಹಣ್ಣು ಟೊಮೆಟೊ ಚೆನ್ನಾಗಿ ಬಾಡಿಸಿ ಸಾರು ಮಾಡಿ. ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಸಾರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಳೇ ಹಲಸಿನಕಾಯಿ. ತುಂಡು ಕಚ್ಚಿದರೆ ನಾರುನಾರಾಗಿ ಬಿಡುವ ಆ ಹದ ಹಲ್ಲಿಗೂ ಸಮಾಧಾನ. ಕರಾವಳಿಯವರಿಗೆ ಗುಜ್ಜೆ ಪಲ್ಯ ಹೇಳಿಕೊಡಬೇಕಾಗಿಲ್ಲ. ಆದರೆ ನೆನಪಿರಲಿ, ಹಲಸು, ಅಣಬೆ ರುಚಿಗೆ, ಹದಕ್ಕೆ. ಪ್ರೋಟೀನಿಗೆ ಜೊತೆಯಲ್ಲಿ ಕಾಳು ಬೇಕೇ ಬೇಕು. ಕಾಡಿನ ಅಣಬೆ ಗೊತ್ತಿದ್ದವರು ಗುರುತಿಸದೆ ತರಬೇಡಿ.

ಉತ್ತರ ಕರ್ನಾಟಕದವರಿಗಂತೂ ನಾವು ಹೇಳುವುದು ಏನೂ ಇಲ್ಲ. ರೊಟ್ಟಿ, ಮಡಕಿಕಾಳು ಉಸಳಿ, ಝುಣಕ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮ್ಯಾಲೊಂದು ಉಳ್ಳಾಗಡ್ಡಿ. ಆ ತಟ್ಟೆ ನೋಡಿ ದಕ್ಷಿಣದ ನಾವು ಕಲಿಯಬೇಕು.

ಗೋಬಿ ಬಗ್ಗೆಯೂ ಒಂದು ಮಾತು. ಮಾಂಸ ಬಿಟ್ಟ ಹುಡುಗರಲ್ಲಿ ಹೆಚ್ಚಿನವರು ಸಂಜೆ ಗಾಡಿ ಮುಂದೆ ಸಿಗುತ್ತಾರೆ. ಹಿಟ್ಟು, ಎಣ್ಣೆ, ಸಾಸು, ಕೆಂಪು ಬಣ್ಣ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಆದೇಶ ಮಾಡಿದೆ. ಬಣ್ಣ ಹೋದರೂ ಅದು ಊಟ ಆಗುವುದಿಲ್ಲ. ಯಾವಾಗಲಾದರೂ ತಿನ್ನಿ, ಬೇಡ ಅನ್ನುವುದಿಲ್ಲ. ಮಾಂಸದ ಬದಲಿಗೆ ಅಂತ ತಿನ್ನಬೇಡಿ.

ರಕ್ತದ ಮಾತು

ಮಾಂಸದಲ್ಲಿರುವ ಕಬ್ಬಿಣದ ಅಂಶವನ್ನು ಮೈ ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು, ಕಾಳಿನದು ಅಷ್ಟು ಸುಲಭವಲ್ಲ. ಅದಕ್ಕೆ ಎರಡು ಉಪಾಯ. ಊಟದ ಜೊತೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಏನಾದರೂ ಇರಲಿ, ಅದರ ಸಿ ವಿಟಮಿನ್ ಕಬ್ಬಿಣ ಒಳಗೆ ಹೋಗಲು ನೆರವಾಗುತ್ತದೆ. ಊಟದ ಜೊತೆಗೇ, ಊಟ ಆದ ತಕ್ಷಣವೇ ಕಾಫಿ ಟೀ ಕುಡಿಯಬೇಡಿ, ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಇನ್ನೊಂದು ಬಿ12 ವಿಟಮಿನ್. ಅದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿದೆ. ಸೊಪ್ಪು, ಕಾಳು, ಹಣ್ಣಿನಲ್ಲಿ ನೆಚ್ಚಿಕೊಳ್ಳುವಷ್ಟು ಇಲ್ಲ. ಮೈಯಲ್ಲಿ ಕೂಡಿಟ್ಟಿದ್ದು ಖಾಲಿಯಾಗಲು ವರ್ಷಗಳೇ ಬೇಕಾಗಬಹುದು, ಹಾಗಾಗಿ ಕೊರತೆ ಸದ್ದಿಲ್ಲದೆ ಬರುತ್ತದೆ. ಸುಸ್ತು, ಕೈಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು. ಹಾಲು ಮೊಸರು ಸರಿಯಾಗಿ ತಿನ್ನದೆ, ಮೊಟ್ಟೆಯೂ ಮುಟ್ಟದೆ ಇರುವವರು ವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ತೆಗೆದುಕೊಂಡರೆ ವ್ರತ ಕೆಡುವುದಿಲ್ಲ. ಕಬ್ಬಿಣದ ಮಾತ್ರೆ ಬೇಕಾದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿ.

ಬಿಟ್ಟರೆ ಮೇಲಲ್ಲ, ತಿಂದರೆ ಕೆಳಗಲ್ಲ

ಈಗ ಕಷ್ಟದ ಮಾತು. ಮಾಂಸ ಬಿಡುವುದು ನಮ್ಮ ನಾಡಿನಲ್ಲಿ ಬರೀ ಊಟದ ವಿಷಯವಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡಗಿನ ಜನರ ಮೇಲೆ ಬರೆದು 1952ರಲ್ಲಿ ಬಂದ ಪುಸ್ತಕದಲ್ಲಿ ಇದನ್ನೇ ಹೇಳಿದರು. ಕೆಳಗೆ ತಳ್ಳಲ್ಪಟ್ಟ ಜಾತಿಗಳು ಮಾಂಸ, ಹೆಂಡ ಬಿಟ್ಟು ಮೇಲಿನವರ ರೀತಿ ಹಿಡಿದು ಮೇಲೇರಲು ನೋಡುತ್ತವೆ ಅಂತ. ಎಪ್ಪತ್ತು ವರ್ಷ ದಾಟಿದರೂ ಆ ಏಣಿ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ.

ನಮ್ಮ ಗೆಳತಿ ಬಿಟ್ಟಿದ್ದು ತಾನು ಸಾಕಿದ ಮರಿಯ ಸಂಕಟಕ್ಕೆ. ಆದರೆ ಅವಳು ಹೋಗುತ್ತಿದ್ದ ಸತ್ಸಂಗದಲ್ಲಿ ವೇದಿಕೆಗೆ ಕರೆದು, “ನೋಡಿ, ಎಂಥಾ ಮನೆಯಲ್ಲಿ ಹುಟ್ಟಿ ಎಷ್ಟು ಶುದ್ಧಳಾದಳು” ಅಂತ ಹೊಗಳಿದರು. ಅವಳ ಅಮ್ಮ ಕೆಳಗೆ ಕೂತು ಕೇಳುತ್ತಿದ್ದರು. ಆ ಒಂದು ವಾಕ್ಯದಲ್ಲಿ ಮಗಳನ್ನು ಮೇಲಕ್ಕೆತ್ತಿ ಅಮ್ಮನನ್ನು ಕೆಳಗೆ ಹಾಕಿದರು. ಅಂದಿನಿಂದ ಮನೆಯಲ್ಲಿ ಮಾತಿಗೆ ಮೊದಲು ಕುತ್ತು ಬಂತು, ಆಮೇಲೆ ಅವಳ ಊಟಕ್ಕೆ. ಅಮ್ಮ ಬೇರೆ ಅಡುಗೆ ಮಾಡಲಿಲ್ಲ. “ನಾವು ಅಶುದ್ಧ ಅಲ್ವಾ, ನಮ್ಮ ಕೈ ಅಡುಗೆ ಯಾಕೆ?” ಅಂದರು. ಆ ಹೊಸತೊಡಕಿನ ಅನ್ನ ಮಜ್ಜಿಗೆಯ ಹಿಂದೆ ಈ ಕಥೆಯಿತ್ತು.

ಶಾಲೆಯ ಮೊಟ್ಟೆಯ ಗಲಾಟೆ ನೆನಪಿದೆಯಲ್ಲ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ವ್ಯವಸ್ಥೆ ಇತ್ತು. ಯಾರ ಬಾಯಿಗೂ ಯಾರೂ ತುರುಕುತ್ತಿರಲಿಲ್ಲ. ಆದರೂ ಬಡ ಮಕ್ಕಳ ತಟ್ಟೆಯ ಮೇಲೆ ದೊಡ್ಡವರ ಶುದ್ಧದ ಲೆಕ್ಕ ನಡೆಯಿತು. 2024ರ ಹೊತ್ತಿಗೆ ವಾರಕ್ಕೆ ಆರು ದಿನ ಕೊಡುವ ತೀರ್ಮಾನ ಆಗಿದೆ. ಒಳ್ಳೆಯದೇ ಆಯಿತು.

ಬಿಟ್ಟವರಿಗೆ ನಮ್ಮ ವಿನಂತಿ ಇದು. ನಿಮ್ಮ ತಟ್ಟೆ ನಿಮ್ಮ ಹಕ್ಕು, ಪಕ್ಕದವರ ತಟ್ಟೆ ಅವರ ಹಕ್ಕು. “ಛೀ, ವಾಸನೆ” ಅಂತ ಮೂಗು ಮುಚ್ಚಿಕೊಂಡ ದಿನ ನೀವು ಹೊಸ ಜಗಳ ಶುರು ಮಾಡಿದ್ದೀರಿ, ಊಟ ಅಲ್ಲ. ನಿಮ್ಮ ಮಕ್ಕಳ ಮೊಟ್ಟೆಯನ್ನು ನಿಮ್ಮ ವ್ರತದ ಲೆಕ್ಕಕ್ಕೆ ಸೇರಿಸಬೇಡಿ.

ಅಡುಗೆ ಯಾರು ಮಾಡುತ್ತಾರೆ

ಮನೆಯ ಗಂಡಸು ಮಾಂಸ ಬಿಟ್ಟರೆ ಮಾರನೇ ದಿನದಿಂದ ಹೆಂಡತಿ ಬೇರೆ ಪಾತ್ರೆ ಇಟ್ಟು ಪಲ್ಯ, ಕಾಳು, ತುಪ್ಪ ಅಂತ ಹೊಂದಿಸುತ್ತಾಳೆ. ಮನೆಯ ಹೆಂಗಸು ಬಿಟ್ಟರೆ? ಅವಳೇ ಮೀನು ಉಜ್ಜಬೇಕು, ಅವಳೇ ಕೋಳಿ ಹುರಿಯಬೇಕು, ಅವಳೇ ಉಪ್ಪು ನೋಡದೆ ಅಂದಾಜಿನ ಮೇಲೆ ಬಡಿಸಬೇಕು. ತನಗೆ ಅಂತ ಇನ್ನೊಂದು ಒಲೆ ಹಚ್ಚಿದರೆ “ಗ್ಯಾಸ್ ಎಷ್ಟಾಯ್ತು ಗೊತ್ತಾ?” ಅನ್ನುವ ಮಾತು. ಕೊನೆಗೆ ಮಜ್ಜಿಗೆ ಅನ್ನ. ಇಂಥವಳಿಗೆ ರಾತ್ರಿ ಎರಡು ಗುಟುಕು ಸಾರಿನ ಆಸೆ ಬಂದರೆ ಅದಕ್ಕೆ ಬಾಯಿ ಚಪಲ ಅಂತ ಹೆಸರಿಡುವವರಿಗೆ ಮೊದಲು ನಾಚಿಕೆಯಾಗಬೇಕು.

ಗಂಡಸರೇ, ನಿಮ್ಮ ಮನೆಯಲ್ಲಿ ಯಾರಾದರೂ ಬಿಟ್ಟಿದ್ದರೆ ವಾರಕ್ಕೊಂದು ದಿನ ಕಾಳು ನೆನೆಹಾಕುವ ಕೆಲಸ ನೀವು ಮಾಡಿ. ಅದಕ್ಕೆ ಬೇಕಾಗಿರುವುದು ಒಂದು ಪಾತ್ರೆ, ಸ್ವಲ್ಪ ನೀರು, ಸ್ವಲ್ಪ ನೆನಪು.

ಆಸೆ ಬಂದ ಸಂಜೆ

ನಮ್ಮ ಮೂವರ ಅನುಭವದಲ್ಲಿ ಕೆಲಸಕ್ಕೆ ಬಂದಿದ್ದನ್ನು ಹೇಳುತ್ತೇವೆ. ಹಸಿದುಕೊಂಡು ಬಾಡೂಟಕ್ಕೆ ಹೋಗಬೇಡಿ, ಮನೆಯಲ್ಲಿ ಗಟ್ಟಿಯಾಗಿ ತಿಂದು ಹೋಗಿ. ಹೋಗದೆ ಮಾತ್ರ ಇರಬೇಡಿ, ಪಂಕ್ತಿಯಲ್ಲಿ ಕೂತು ಮಾತಾಡಿ, ಬಡಿಸುವವರಿಗೆ ಮೊದಲೇ ಹೇಳಿ. ಆಸೆ ಎದ್ದಾಗ ಒಂದು ಹಿಡಿ ಹುರಿದ ಕಡಲೆಬೀಜ ತಿಂದು, ನೀರು ಕುಡಿದು, ಇಪ್ಪತ್ತು ನಿಮಿಷ ಬೇರೆ ಕೆಲಸ ಮಾಡಿ. ಹೆಚ್ಚಿನ ಸಲ ಅದು ಇಳಿಯುತ್ತದೆ. ಭಾನುವಾರ ಅಂದರೆ ವಿಶೇಷ ಅನ್ನುವ ರೂಢಿಯನ್ನು ಬಿಡಬೇಡಿ, ವಿಶೇಷವನ್ನು ಬದಲಾಯಿಸಿ. ಒಂದೇ ದಿನಕ್ಕೆ ಎಲ್ಲ ಬಿಡಲಾಗದಿದ್ದರೆ ಮೊದಲು ಮಾಂಸ, ಆಮೇಲೆ ಮೀನು ಅಂತ ಮೆಟ್ಟಿಲು ಇಳಿಯಿರಿ.

ಒಂದು ದಿನ ತಿಂದುಬಿಟ್ಟರೆ? ತಿಂದಿರಿ, ಮುಗಿಯಿತು. ನಾಳೆ ಮತ್ತೆ ನಿಮ್ಮ ದಾರಿ ನಿಮ್ಮದು. ನಡೆಯುವ ಕಾಲು ಎಡವುತ್ತದೆ. ಮತ್ತೆ ಪೂರ್ತಿ ತಿನ್ನಲು ಶುರು ಮಾಡಿದರೂ ಅದು ಸೋಲಲ್ಲ. ನಮ್ಮ ಬಳಗದ ಇನ್ನೊಬ್ಬಳು ಹಾಗೇ ಮಾಡಿದಳು, ಅವಳ ಜೊತೆ ನಾವು ಈಗಲೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ.

ಈ ವರ್ಷದ ಹೊಸತೊಡಕು

ನಮ್ಮ ಗೆಳತಿ ಮಾಂಸ ಬಿಟ್ಟೇ ಇದ್ದಾಳೆ. ಮಾತ್ರೆ ತೆಗೆದುಕೊಂಡಳು, ವಾರಕ್ಕೆ ನಾಲ್ಕು ದಿನ ಕಾಳು ತಿನ್ನುತ್ತಾಳೆ, ಸತ್ಸಂಗಕ್ಕೆ ಹೋಗುವುದನ್ನು ನಿಲ್ಲಿಸಿದಳು. ಹಿಮೋಗ್ಲೋಬಿನ್ ಈಗ ಹನ್ನೆರಡರ ಹತ್ತಿರ.

ಈ ಸಲ ಹೊಸತೊಡಕಿನ ಬೆಳಿಗ್ಗೆ ಅವಳ ಅಮ್ಮ ಮಸಾಲೆ ರುಬ್ಬಿ, ಬಾಡಿನ ಪಾತ್ರೆಗೆ ಹಾಕುವ ಮುಂಚೆ ಒಂದು ಬಟ್ಟಲು ಬೇರೆ ತೆಗೆದಿಟ್ಟರು. ಎಳೇ ಹಲಸಿನಕಾಯಿ ಹೆಚ್ಚಿ, ನೆನೆದ ಅಲಸಂದೆ ಸೇರಿಸಿ, ಚಿಕ್ಕ ಪಾತ್ರೆಯಲ್ಲಿ ಸಾರು ಮಾಡಿದರು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತರು. ಎರಡು ವರ್ಷದ ಹಿಂದೆ ಬೆಕ್ಕಿನ ಮಾತಾಡಿದ್ದ ದೊಡ್ಡಮ್ಮನೇ ಚಿಕ್ಕ ಪಾತ್ರೆ ಕಡೆ ನೋಡಿ, “ನಂಗೂ ಒಂದು ಸೌಟು ಹಾಕವ್ವ, ರುಚಿ ನೋಡ್ತೀನಿ” ಅಂದರು.

ಬೇಕಾಗಿದ್ದಿದ್ದು ಇಷ್ಟೇ. ಒಂದು ಬಟ್ಟಲು ಮಸಾಲೆ, ಒಂದು ಹಿಡಿ ಕಾಳು. ನಿಮ್ಮ ಮನೆಯಲ್ಲಿ ಯಾರಾದರೂ ಮಾಂಸ ಬಿಟ್ಟಿದ್ದರೆ ಇವತ್ತು ರಾತ್ರಿ ಅವರ ಮನಸ್ಸು ಎಷ್ಟು ಗಟ್ಟಿ ಅಂತ ನೋಡಬೇಡಿ. ಅವರ ತಟ್ಟೆಯಲ್ಲಿ ಏನಿದೆ ಅಂತ ನೋಡಿ.